ಕಪ್ಪು ಗಾಜು

ಮೂಡುಬಿದಿರೆಯಲ್ಲಿ ನಮ್ಮ ನೆರೆಮನೆಯವರು ವೆಲ್ಡರು. ಪೇಟೆಗೆ ಕರೆಂಟು ಬಂದ ಹೊಸತರಲ್ಲಿ ಮನೆಯ ಜಗಲಿಯಲ್ಲೇ ಮಿಷನ್ ಇಟ್ಟು ಗೇಟು, ಬಸ್ಸಿನ ಸೀಟು ಬೆಸೆಯುತ್ತಿದ್ದರು. ಕಬ್ಬಿಣದ ಇನ್ನೊಂದು ತುದಿ ಹಿಡಿಯುವವರು ಅವರ ಹೆಂಡತಿ. ಕಪ್ಪು ಗಾಜಿನ ಮುಖವಾಡ ಇದ್ದದ್ದು ಒಂದೇ. ಅದು ಯಾವಾಗಲೂ ಹೆಂಡತಿಯ ಮುಖದ ಮೇಲೆ. ಕಿಡಿ ಏಳುವಾಗ ಗಂಡ ಕತ್ತು ಓರೆ ಮಾಡಿ ಒಂದು ಕಣ್ಣು ಮುಚ್ಚುತ್ತಿದ್ದರು. ಸಂಜೆ ಕಣ್ಣು ಉರಿದರೆ ಸೌತೆಕಾಯಿಯ ಹೋಳು ಇಟ್ಟುಕೊಂಡು ಮಲಗುತ್ತಿದ್ದರು.

“ನಿಮಗೊಂದು ಬೇಡವಾ?” ಎಂದರೆ, “ನನಗೆ ಅಭ್ಯಾಸ ಉಂಟು” ಎನ್ನುತ್ತಿದ್ದರು.

ಬೇರೆಯವರು ಸಲಹೆ ಕೇಳಿದರೆ ಮಾತ್ರ ಒಂದೇ ಮಾತು: “ಮೊದಲು ಗಾಜು ತೆಗೊಳ್ಳಿ, ಮಿಷನ್ ಆಮೇಲೆ. ಅದರಲ್ಲಿ ನೋಡಿದರೆ ಸೂರ್ಯ ಅಂಗಿಯ ಗುಂಡಿಯ ಹಾಗೆ ಹಸಿರು ಕಾಣಬೇಕು.”

ಕೆಲವು ವರ್ಷಗಳ ನಂತರ ನಾನು ಮನೆಗೊಂದು ಮಿಷನ್ ಕೊಳ್ಳಲು ಹೊರಟಾಗ, ಅವರ ಮಾತಿನಂತೆ ಮೊದಲು ಗಾಜು ತಂದೆ. ತೋರಿಸಲು ಹೋದದ್ದು ಸಾಯಂಕಾಲ. ಅವರ ಮಿಷನ್ ಆಗಲೇ ಮೂಲೆ ಸೇರಿತ್ತು. ಅವರು ಗಾಜನ್ನು ಬೆರಳಿನಿಂದ ಸವರಿ, ಅಂಗಳಕ್ಕಿಳಿದು, ಕಣ್ಣಿಗೆ ಹಿಡಿದು ತಲೆಯೆತ್ತಿದರು.

“ಒಳ್ಳೇದುಂಟು ಮಾರಾಯ. ಸೂರ್ಯ ಗುಂಡಿಯ ಹಾಗೇ ಕಾಣ್ತಾನೆ.”

ಅವರು ನಿಂತದ್ದು ಮೂಡು ದಿಕ್ಕಿಗೆ ಮುಖ ಮಾಡಿ. ಇಳಿಬಿಸಿಲು ಅವರ ಬೆನ್ನ ಮೇಲಿತ್ತು. ಹೆಂಡತಿ ಒಳಗಿಂದ ಬಂದು ಅವರ ಮೊಣಕೈ ಹಿಡಿದು ಮೆಲ್ಲನೆ ಪಡುವಣಕ್ಕೆ ತಿರುಗಿಸಿದರು.