ಹಾಡಿಗೆ ಕಟ್ಟಿದ ಪಾಠ

ವೀಣಾ ಗೌಡಳ ಕತೆ ಹೇಳುವ ಮೊದಲು ನನ್ನ ಹೆಸರು ಹೇಳಿಬಿಡುತ್ತೇನೆ, ಯಾಕೆಂದರೆ ಅವಳನ್ನು ಕೆಡಿಸಿದವಳು ನಾನೇ. ವಿಭಾ ಹೆಗಡೆ, ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ, ಮನೆ ಕರ್ಕಿ. ಪರೀಕ್ಷೆ ಹತ್ತಿರ ಬಂತೆಂದರೆ ಭಟ್ಕಳದಿಂದ ಕುಮಟಾವರೆಗೆ ಶಾಲೆ ಶಾಲೆಗೆ ಹೋಗಿ ‘ಓದುವುದು ಹೇಗೆ’ ಎಂದು ಭಾಷಣ ಬಿಗಿಯುತ್ತಿದ್ದವಳು. ಇಪ್ಪತ್ತೈದು ನಿಮಿಷ ಓದಿ, ಐದು ನಿಮಿಷ ಬಿಡಿ. ಮೊಬೈಲು ಬೇರೆ ಕೋಣೆಯಲ್ಲಿಡಿ. ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಿ. ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಿಕೊಡಿ. ಮಕ್ಕಳು ಆಕಳಿಸುತ್ತಿದ್ದರು, ಹೆಡ್ಮಾಸ್ತರರು ಶಾಲು ಹೊದೆಸುತ್ತಿದ್ದರು, ನಾನು ಉಬ್ಬಿಕೊಂಡು ಮನೆಗೆ ಬರುತ್ತಿದ್ದೆ.

ವೀಣಾ ನಮ್ಮೂರ ಪಕ್ಕದ ಕೊಪ್ಪದವಳು. ಕೊಪ್ಪ ಎಂದರೆ ಗದ್ದೆ ಬಯಲಿನ ಅಂಚಿಗೆ ಹದಿನೈದಿಪ್ಪತ್ತು ಮನೆ, ಎಲ್ಲ ಗೌಡರೇ. ಅಲ್ಲಿಯ ಅಂಗನವಾಡಿಯಲ್ಲಿ ಅವಳು ಸಹಾಯಕಿ. ಬೀಗ ತೆಗೆದು ಗುಡಿಸುವುದು, ನೀರು ತುಂಬುವುದು, ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಅಡುಗೆ ಮಾಡಿ ಉಣಿಸುವುದು ಅವಳ ಕೆಲಸ. ಕಲಿಸುವುದು ಕಾರ್ಯಕರ್ತೆ ವಸಂತಿಯ ಕೆಲಸ. ವಸಂತಿಗೆ ಮಂಡಿನೋವು, ಸಾಲದ್ದಕ್ಕೆ ಬರೆಯುವ ದಾಖಲೆಗಳೇ ಹತ್ತಾರು. ಹಾಗಾಗಿ ಕಲಿಸುವುದೂ ವೀಣಾಳ ತಲೆಗೇ ಬಿದ್ದಿತ್ತು. ಹದಿಮೂರು ವರ್ಷದಿಂದ ಹೀಗೇ. ಆದರೂ ಮಕ್ಕಳ ಬಾಯಲ್ಲಿ ವಸಂತಿ ಟೀಚರು, ವೀಣಾ ಆಯಾ.

ಮುಂದಿನ ವರ್ಷದ ಜುಲೈಗೆ ವಸಂತಿ ನಿವೃತ್ತಳಾಗುವವಳಿದ್ದಳು. ಇದು ಕೊರೊನಾಕ್ಕಿಂತ ಮುಂಚಿನ ಮಾತು. ಆಗಿನ್ನೂ ಎಸ್ಸೆಸ್ಸೆಲ್ಸಿ ಪಾಸಾದ ಸಹಾಯಕಿಗೆ ಆ ಜಾಗ ಸಿಗುವ ದಾರಿಯಿತ್ತು. ಎಂಟನೇ ಇಯತ್ತೆಗೆ ಶಾಲೆ ಬಿಟ್ಟಿದ್ದ ವೀಣಾ ಮೂವತ್ತೆಂಟನೇ ವಯಸ್ಸಿನಲ್ಲಿ ಹೊರಗಿನಿಂದ ಪರೀಕ್ಷೆಗೆ ಕಟ್ಟಿದಳು. ಹಳೆಯ ಪ್ರಶ್ನೆಪತ್ರಿಕೆ ತಂದು ಬರೆದೂ ಬರೆದೂ, ಗಣಿತ ಇಂಗ್ಲಿಷ್ ಸಮೇತ ಐದು ವಿಷಯ ಹೇಗೋ ದಾಟಿದಳು. ಸಮಾಜ ವಿಜ್ಞಾನ ಒಂದೇ ಉಳಿಯಿತು. ಮೂವತ್ತೈದು ಬೇಕಿತ್ತು, ಇಪ್ಪತ್ತೊಂಬತ್ತು ಬಂದಿತ್ತು. ಅದು ನನ್ನ ವಿಷಯವಾದ್ದರಿಂದ ನನ್ನ ಬಳಿ ಬಂದಳು.

“ನೀವು ಶಾಲೇಲಿ ಹೇಳ್ದಂಗೇ ಓದ್ದೆ ಅಕ್ಕೋರೆ. ಅನ್ನಕ್ಕೆ ಇಟ್ಟು ಕೂತ್ರೆ ಅನ್ನ ಆಗೂವರೆಗೆ ಇಪ್ಪತ್ತೈದು ನಿಮಿಷ. ಅಷ್ಟೊತ್ತೂ ಒಂದೇ ಸಾಲಲ್ಲಿ ಇರ್ತೇನೆ. ಕಣ್ಣು ಓಡ್ತದೆ, ತಲೆ ಓಡೂದಿಲ್ಲ. ಬಾಕಿದೆಲ್ಲ ಚೂರುಪಾರು ಬರದ್ರೆ ಆತು. ಇದು ಉದ್ದುದ್ದ. ಎಂತ ಮಾಡೂದು?”

ಅಂಥವಳ ತಲೆ ಓಡುವುದಿಲ್ಲವಂತೆ! ಸುತ್ತಲಿನ ನಾಲ್ಕು ಊರಲ್ಲಿ ಮದುವೆಯಾಗಲಿ, ನಾಟಿಯಾಗಲಿ, ಹಾಡಲು ವೀಣಾ ಮತ್ತು ಅವಳ ಅತ್ತೆ ಚೌಡಮ್ಮ ಬೇಕು. ಒಂದೊಂದು ಹಾಡು ಗಂಟೆಗಟ್ಟಲೆ. ಕಾಗದವಿಲ್ಲ, ಪುಸ್ತಕವಿಲ್ಲ. ವೀಣಾ ಒಂದು ಸಾಲು ಎತ್ತುತ್ತಾಳೆ, ಚೌಡಮ್ಮ ಅದನ್ನು ಹಿಡಿದು ಮುಂದಿನ ಸಾಲು ಹೇಳುತ್ತಾಳೆ, ಅದರ ತುದಿ ಹಿಡಿದು ಮತ್ತೆ ವೀಣಾ. ಸೊಸೆಯಾಗಿ ಬಂದ ವರ್ಷದಿಂದ ಇಬ್ಬರ ಜೋಡಿ. ಇವಳಿಗೆ ನೆನಪಿಲ್ಲವೆಂದರೆ ನಂಬಲು ನಾನೇನು ಮಳ್ಳಿಯೆ?

“ಪಾಠವನ್ನೂ ಹಾಡು ಮಾಡಿಕೋ,” ಎಂದೆ.

ಅವಳು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ವಾರ ಕಳೆಯುವುದರೊಳಗೆ ಅತ್ತೆಯನ್ನು ಕರೆದುಕೊಂಡು ಬಂದಳು. ನಮ್ಮ ಜಗಲಿಯ ಮೇಲೆ ಇಬ್ಬರೂ ಎದುರುಬದುರು ಕೂತು, ಯುರೋಪಿಯನ್ನರು ಭಾರತಕ್ಕೆ ಬಂದ ಪಾಠವನ್ನು ನಾಟಿ ಹಾಡಿನ ಧಾಟಿಯಲ್ಲಿ ಎತ್ತಿದರು.

“ಕಡಲ ಮೇಲೆ ಹಡಗು ಬಂತು, ಎಂತಕ್ಕೆ ಬಂತೆ,” ಎಂದು ವೀಣಾ. “ಮೆಣಸಿನ ಕಾಳಿಗೆ ಬಂತೆ, ಏಲಕ್ಕಿಗೆ ಬಂತೆ,” ಎಂದು ಚೌಡಮ್ಮ. ಪೋರ್ಚುಗೀಸರು, ಡಚ್ಚರು, ಫ್ರೆಂಚರು, ಇಂಗ್ಲಿಷರು ಒಬ್ಬೊಬ್ಬರಾಗಿ ಬಂದರು. ಇಸವಿಗಳು ತಪ್ಪಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಸ್ಟಾಫ್ ರೂಮಿನಲ್ಲಿ ಕೇಳಿಸಿದೆ, ಕುಮಟಾದ ಭಾಷಣದಲ್ಲಿ ಕೇಳಿಸಿದೆ, ತೆಂಗಿನಗುಂಡಿಯಲ್ಲಿ ಮೀನುಗಾರರ ಮಕ್ಕಳಿಗೂ ಕೇಳಿಸಿದೆ. ಇಪ್ಪತ್ತೆರಡು ವರ್ಷ ಚಾಕ್‌ಪೀಸು ಸವೆಸಿ ನಾನು ಮಾಡಲಾಗದ್ದು ಒಂದು ವಾರದಲ್ಲಿ ಆಗಿತ್ತು. ಶಾಲು ಮಾತ್ರ ನನಗೇ ಬಂತು.

ಆ ಮಳೆಗಾಲ ಗದ್ದೆಯಲ್ಲಿ ಅವರು ಪಾಠವನ್ನೇ ಹಾಡಿದರು. ಸಸಿ ನೆಡುತ್ತಿದ್ದ ಬಾಕಿ ಹೆಂಗಸರು ಮೊದಲು ನಕ್ಕು, ಆಮೇಲೆ ದನಿ ಸೇರಿಸಿದರು. ಒಂದೊಂದು ಪಾಠಕ್ಕೆ ಒಂದೊಂದು ಹಳೆಯ ಹಾಡಿನ ಧಾಟಿ. ದೇಶ ಒಡೆದಾಗ ಗಡಿ ದಾಟಿ ಬಂದ ನಿರಾಶ್ರಿತರ ಪಾಠಕ್ಕೆ ಹೆಣ್ಣನ್ನು ಗಂಡನ ಮನೆಗೆ ಕಳಿಸುವ ಹಾಡಿನ ಧಾಟಿ ಇಟ್ಟಿದ್ದರು. ಯಾಕೆ ಎಂದು ಕೇಳಿದ್ದಕ್ಕೆ ಚೌಡಮ್ಮ, “ಅವ್ರೂ ಮನೆ ಬಿಟ್ಟು ಬಂದೋರೇ ಅಲ್ವ?” ಎಂದಳು. ನಾನು ಪಠ್ಯಪುಸ್ತಕದಲ್ಲಿ ಅಷ್ಟು ನೋವು ಎಂದೂ ಕಂಡಿರಲಿಲ್ಲ.

ಭಾನುವಾರ ಭಾನುವಾರ ಜಗಲಿಯ ಮೇಲೆ ಪ್ರಶ್ನೆ ಕೇಳುತ್ತಿದ್ದೆ. ಯಾವ ಪ್ರಶ್ನೆ ಕೇಳಿದರೂ ವೀಣಾ ಆ ಹಾಡಿನ ಮೊದಲ ಸಾಲು ಎತ್ತುತ್ತಿದ್ದಳು, ಚೌಡಮ್ಮ ಹಿಡಿಯುತ್ತಿದ್ದಳು, ಹತ್ತು ಹದಿನೈದು ಸಾಲು ದಾಟಿದ ಮೇಲೆ ಉತ್ತರ ಬರುತ್ತಿತ್ತು. ತಡವಾಗುತ್ತದಲ್ಲ ಎಂದು ಅನಿಸಿತ್ತು, ಬರೆಯುವಾಗ ಚುರುಕಾಗುತ್ತದೆ ಎಂದುಕೊಂಡೆ. ಒಂದು ದಿನ ನನ್ನ ಗಂಡ ನಾಗಪತಿ ಒಳಗಿನಿಂದ ಬಂದು, “ಅವಳೊಬ್ಳನ್ನೇ ಕೂರ್ಸಿ ಕೇಳಿದ್ಯನೇ?” ಎಂದರು.

“ನಿಂಗಕ್ಕೆ ಗೊತ್ತಾಗ್ತಿಲ್ಲೆ, ಸುಮ್ನಿರಿ,” ಎಂದೆ.

ನನ್ನ ಇಡೀ ಬದುಕಿನಲ್ಲಿ ಅದಕ್ಕಿಂತ ಹೆಡ್ಡತನದ ಮಾತು ಆಡಿದ್ದಿಲ್ಲ. ಅವಳೊಬ್ಬಳನ್ನೇ ಒಂದು ಸಲ, ಒಂದೇ ಒಂದು ಸಲ ಕೂರಿಸಿ ಕೇಳಿದ್ದರೆ ಸಾಕಿತ್ತು.

ಪರೀಕ್ಷೆಯ ದಿನ ನಾನು ಕುಮಟಾದಲ್ಲಿ ಮೇಲ್ವಿಚಾರಣೆಯ ಕೆಲಸದ ಮೇಲಿದ್ದೆ. ಆದದ್ದನ್ನು ಮರುದಿನ ವೀಣಾಳೇ ಹೇಳಿದ್ದು. ಹೊನ್ನಾವರದ ಕೇಂದ್ರಕ್ಕೆ ಅತ್ತೆ ಸೊಸೆ ಇಬ್ಬರೂ ಬಸ್ಸಿನಲ್ಲಿ ಹೋದರು. ಚೌಡಮ್ಮ ಗೇಟಿನ ಹೊರಗೆ ಬುತ್ತಿ ಹಿಡಿದು ಮರದ ಬುಡದಲ್ಲಿ ಕೂತಳು. ವೀಣಾ ಒಳಗೆ ಹೋಗಿ ಪ್ರಶ್ನೆಪತ್ರಿಕೆ ನೋಡಿದಳು.

“ಗೊತ್ತಿಲ್ಲದ ಪ್ರಶ್ನೆ ಭಾಳ ಇರ್ಲಿಲ್ಲ ಅಕ್ಕೋರೆ. ನಂಗೆ ಖುಷಿ ಆತು. ಮನಸಲ್ಲೇ ಒಂದು ಸಾಲು ಎತ್ತಿದೆ. ಆಮೇಲೆ ಕಾದೆ.”

“ಯಾರಿಗೆ ಕಾದೆ?”

“ಅತ್ತೆ ಹಿಡೀಲಿ ಅಂತ.”

ಅವಳ ಸಾಲುಗಳು ಅವಳ ಬಳಿ ಇದ್ದವು. ನಡುವಿನ ಸಾಲುಗಳು ಚೌಡಮ್ಮನ ಬಳಿ, ಗೇಟಿನ ಹೊರಗೆ, ಮರದ ಬುಡದಲ್ಲಿ. ಅತ್ತೆಯ ದನಿ ಕಿವಿಗೆ ಬೀಳದೆ ತನ್ನ ಮುಂದಿನ ಸಾಲು ಬಾಯಿಗೆ ಬಾರದು. ಮತ್ತೆ ಮತ್ತೆ ಮೊದಲಿಂದ ಎತ್ತಿದಳು. ತನಗೆ ಗೊತ್ತಿಲ್ಲದೆ ದನಿ ಹೊರಬಿತ್ತು. “ಎಂತದು ಅದು ಗುಣುಗುಣು? ಇದೇನು ಭಜನೆ ಮನೆಯ?” ಎಂದು ಮೇಲ್ವಿಚಾರಕರು ಗದರಿಸಿ ಅವಳನ್ನು ಎಲ್ಲರಿಗಿಂತ ಮುಂದಿನ ಬೆಂಚಿಗೆ ಕೂರಿಸಿದರು. ತನ್ನ ಮಕ್ಕಳ ವಯಸ್ಸಿನವರು ಕಿಸಕ್ಕೆಂದರು. ಮೂರು ಗಂಟೆ ಅವಳು ಅಲ್ಲಿ ಕೂತಿದ್ದಳು. ಇಪ್ಪತ್ತೆರಡು ಬಂತು.

ನನ್ನ ವಿದ್ಯೆಯಿಂದ ಏಳು ಅಂಕ ಕಡಿಮೆ ಬಿದ್ದಿತ್ತು.

ಜೂನಿನಲ್ಲಿ ಇನ್ನೊಂದು ಪರೀಕ್ಷೆಯಿತ್ತು. ನಾನು ಹಟಕ್ಕೆ ಬಿದ್ದೆ. ವೀಣಾಳನ್ನು ಕೋಣೆಯೊಳಗೆ, ಚೌಡಮ್ಮನನ್ನು ಹಿತ್ತಲಿಗೆ ಕಳಿಸಿ ಒಬ್ಬಳಿಂದಲೇ ಹೇಳಿಸಲು ನೋಡಿದೆ. ಮೊದಲ ಸಾಲು ಸುಲಲಿತವಾಗಿ ಬರುತ್ತಿತ್ತು. ಆಮೇಲೆ ಕತ್ತು ಹಿತ್ತಲ ಬಾಗಿಲ ಕಡೆ ತಿರುಗುತ್ತಿತ್ತು. ಎರಡೂ ಸಾಲು ನೀನೇ ಹಾಡು ಎಂದೆ. “ನನ್ನ ಸಾಲಿಗೆ ನಾನೇ ಓಗೊಡೂದು ಹೆಂಗೆ ಅಕ್ಕೋರೆ? ಹುಚ್ಚು ಅಂತ ಹೇಳ್ತ್ರು,” ಎಂದಳು. ಹಾಡು ಬಿಟ್ಟು ಬೇರೆ ವಿಷಯದ ಹಾಗೆ ಬರೆದು ಕಲಿ ಎಂದೆ. ಪೆನ್ನು ಹಿಡಿದು ‘ನಿರಾಶ್ರಿತ’ ಎಂದು ಬರೆದರೆ ಸಾಕು, ಧಾಟಿ ಬಂದು ಹಿಡಿದುಕೊಳ್ಳುತ್ತಿತ್ತು, ಒಂದು ಸಾಲಿಗೆ ನಿಲ್ಲುತ್ತಿತ್ತು. ನಾನು ರೇಗಿದೆ. ಒಂದು ದಿನ ಪುಸ್ತಕವನ್ನೇ ಎಸೆದೆ. ಅವಳು ಎದ್ದು ಹೋಗಿ ಎತ್ತಿಕೊಂಡು ಬಂದು, ಸೆರಗಿನಲ್ಲಿ ಒರೆಸಿ ನನ್ನ ಮುಂದೆ ಇಟ್ಟಳು. ನಾನು ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ.

ಮೇ ತಿಂಗಳಲ್ಲಿ ಕೊಪ್ಪದ ಶುಕ್ರ ಗೌಡನ ಮಗಳು ಸುಚಿತಾಳ ಮದುವೆ. ನನಗೂ ಕರೆಯಿತ್ತು. ಊಟ ಮುಗಿದು ಹೆಣ್ಣನ್ನು ಕಳಿಸುವ ಹೊತ್ತು. ಸುಚಿತಾ ಚಪ್ಪರದಲ್ಲಿ ತಾಯಿಯ ಕೈ ಹಿಡಿದು ನಿಂತಿದ್ದಳು. ವೀಣಾ ಹಾಡು ಎತ್ತಿದಳು, ಚೌಡಮ್ಮ ಹಿಡಿದಳು. ಎಲ್ಲರ ಕಣ್ಣೂ ಒದ್ದೆ. ನಾಲ್ಕೈದು ಸಾಲು ಆಗುವಷ್ಟರಲ್ಲಿ ವೀಣಾ, “ಗಡಿಯ ದಾಟಿ ಬಂದ ಜನಕೆ ಸೂರು ಎಲ್ಲಿತ್ತೆ,” ಎಂದಳು.

ಚೌಡಮ್ಮ ತಡವರಿಸಲೇ ಇಲ್ಲ. “ಶಿಬಿರದಲ್ಲಿ ಇಟ್ಟರಲ್ಲೆ, ಊಟ ಕೊಟ್ಟರಲ್ಲೆ,” ಎಂದು ಹಿಡಿದಳು. ವೀಣಾ ಮುಂದಿನದು, ಚೌಡಮ್ಮ ಅದರ ಮುಂದಿನದು. ಪರೀಕ್ಷೆಯ ಹಾಲಿನಲ್ಲಿ ಬಾರದ ಪಾಠ ಆ ಚಪ್ಪರದಲ್ಲಿ ಒಂದಕ್ಷರ ತಪ್ಪದೆ ಹರಿಯಿತು. ಎಂಟು ಹತ್ತು ಸಾಲಾದ ಮೇಲೆ ಹಿಂದಿನಿಂದ ಯಾರೋ ನಕ್ಕರು, ಆಮೇಲೆ ಚಪ್ಪರವೇ ನಕ್ಕಿತು. ಸುಚಿತಾಳ ತಾಯಿ ಮಾತ್ರ ನಗಲಿಲ್ಲ. ಮಗಳನ್ನು ಕಳಿಸುವ ಹಾಡು ಅವಳಿಗೆ ಆ ದಿನಕ್ಕೆ ಬೇಕಿತ್ತು, ಇನ್ನೊಂದು ದಿನಕ್ಕಲ್ಲ. ಚೌಡಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಸರಿಯಾದ ಸಾಲು ಎಲ್ಲಿಂದ ಬಿಟ್ಟುಹೋಯಿತೆಂದು ಹುಡುಕಲು ಇಬ್ಬರೂ ನೋಡಿದರು, ಸಿಗಲಿಲ್ಲ. ಹೆಣ್ಣು ಹಾಡಿಲ್ಲದೆ ಕಾರು ಹತ್ತಿತು.

ನಾನು ಕೈ ತೊಳೆಯುವಲ್ಲಿ ಚೌಡಮ್ಮ ಬಂದು ನಿಂತಳು. ಅವಳು ನನ್ನನ್ನು ಬೈಯಲಿಲ್ಲ. “ನನ್ನ ಅತ್ತೆ ಹೇಳ್ಕೊಟ್ಟ ಹಾಡು ಅದು,” ಎಂದಳು ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಜೂನಿನ ಪರೀಕ್ಷೆಗೆ ವೀಣಾ ಒಬ್ಬಳೇ ಹೋದಳು. ಇಪ್ಪತ್ತಾರು ಬಂತು. ಜುಲೈಯಲ್ಲಿ ವಸಂತಿ ಹಾರ ಹಾಕಿಸಿಕೊಂಡು ಮನೆಗೆ ಹೋದಳು. ಆ ಜಾಗಕ್ಕೆ ಬೇರೆ ಊರಿನಿಂದ ವಂದನಾ ಎಂಬವಳು ಬಂದಳು, ಇಪ್ಪತ್ತಾರು ವರ್ಷದವಳು, ಮೆದು ಸ್ವಭಾವ. ಅವಳದೇನೂ ತಪ್ಪಿಲ್ಲ. ಯಾವ ಮಗು ಏನು ಉಣ್ಣುತ್ತದೆ, ಯಾವುದಕ್ಕೆ ಅಳು ಜಾಸ್ತಿ ಎಂದು ಅವಳಿಗೆ ಹೇಳಿಕೊಟ್ಟವಳು ವೀಣಾ. ಈಗಂತೂ ಆ ಕೆಲಸಕ್ಕೆ ಪಿಯುಸಿ ಬೇಕು. ವೀಣಾ ಈಗಲೂ ಬೀಗ ತೆಗೆಯುತ್ತಾಳೆ, ಗುಡಿಸುತ್ತಾಳೆ, ಬೇಳೆ ಬೇಯಿಸುತ್ತಾಳೆ.

ಅದೇ ಜುಲೈಯ ಒಂದು ಭಾನುವಾರ ಅವಳು ನಮ್ಮ ಮನೆಗೆ ಬಂದಳು. ನಾಟಿಯಿಂದ ಸೀದಾ ಬಂದಿದ್ದಳು, ಕಾಲಲ್ಲಿ ಕೆಸರು. ಮತ್ತೆ ಪರೀಕ್ಷೆಗೆ ಕಟ್ಟಿಸಲೆಂದು ನಾನು ಅರ್ಜಿ ಫಾರಂ ತರಿಸಿಟ್ಟಿದ್ದೆ. ಅದನ್ನು ತೋರಿಸಿದೆ. ಅವಳು ಅದರ ಕಡೆ ನೋಡಲಿಲ್ಲ.

“ಅದು ಬ್ಯಾಡ ಅಕ್ಕೋರೆ. ಗದ್ದೇಲಿ ಎಲ್ರೂ ಹಾಡು ಹಾಡು ಅಂದ್ರು. ಎತ್ತಿದ್ರೆ ಹಡಗೇ ಬರ್ತದೆ, ಮೆಣಸಿನ ಕಾಳೇ ಬರ್ತದೆ. ಹಳೇದು ಬರೂದೇ ಇಲ್ಲ. ಅತ್ತೆ ಬಾಯೇ ಬಿಡೂದಿಲ್ಲ ಈಗ. ಬಿಟ್ರೆ ಅವ್ರಿಗೂ ಅದೇ ಬರ್ತದಂತೆ.” ಕಾಲಿನ ಕೆಸರು ಕೆರೆದುಕೊಳ್ಳುತ್ತ, “ನೆನಪಿಡೂಕೆ ನೀವು ಹೇಳ್ಕೊಟ್ರಿ. ಮರೆಯೂಕೆ ಎಂತ ಮಾಡೂದು, ಅದೂ ಹೇಳ್ಕೊಡಿ,” ಎಂದಳು.

ಕೊಂಕು ಇರಲಿಲ್ಲ ಆ ದನಿಯಲ್ಲಿ. ನನಗೆ ಗೊತ್ತಿರುತ್ತದೆ ಎಂದೇ ನಂಬಿ ಬಂದಿದ್ದಳು. ನೆನಪಿಡಲು ನನ್ನ ಬಳಿ ಇಪ್ಪತ್ತು ಉಪಾಯಗಳಿದ್ದವು. ಮರೆಯಲು ಒಂದೂ ಇರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ, ಮಾಸ್ತರಿಕೆ ಮಾಡಿದವರ ಜಾತಿಯೇ ಹಾಗೆ.

“ಅದನ್ನು ಹಾಡಬೇಡ. ತಾನಾಗಿ ಮರೆತುಹೋಗುತ್ತದೆ,” ಎಂದೆ.

“ಎಷ್ಟು ದಿನಕ್ಕೆ?”

“ದೀಪಾವಳಿಯೊಳಗೆ.”

ಅವಳು ಬೆರಳು ಮಡಚಿ ತಿಂಗಳು ಎಣಿಸಿದಳು. “ಆತು ಅಕ್ಕೋರೆ,” ಎಂದು ಹೋದಳು. ಆ ನಾಲ್ಕು ತಿಂಗಳು ಅವಳು ಗದ್ದೆಯಲ್ಲಿ, ಅಂಗನವಾಡಿಯಲ್ಲಿ, ಮನೆಯಲ್ಲಿ ಎಲ್ಲೂ ಒಂದು ಸಾಲೂ ಗುನುಗಲಿಲ್ಲವಂತೆ. ಮಕ್ಕಳನ್ನು ಸುಮ್ಮನೆ ತಟ್ಟಿ ಮಲಗಿಸುತ್ತಿದ್ದಳಂತೆ. ನನ್ನ ಪಾಠವನ್ನು ಅಷ್ಟು ಶ್ರದ್ಧೆಯಿಂದ ಪಾಲಿಸಿದ ಇನ್ನೊಬ್ಬ ವಿದ್ಯಾರ್ಥಿ ನನಗೆ ಸಿಕ್ಕಿಲ್ಲ.

ದೀಪಾವಳಿಯ ಮರುದಿನ ಬೆಳಿಗ್ಗೆ ಬಂದಳು. ಮೇಲೆ ಬಾ ಎಂದು ಕರೆದೆ. ಬರಲಿಲ್ಲ, ಅಂಗಳದಲ್ಲೇ ನಿಂತಳು.

“ಹಡಗು ಹೋಗ್ಲಿಲ್ಲ ಅಕ್ಕೋರೆ,” ಎಂದಳು.