ಅಮ್ಮನ ಹೆಸರಿಗೆ ಹೂಡಿದ ದಾವೆ

ಅಮ್ಮ ತೀರಿಕೊಂಡ ಮೇಲೆ ಅಕ್ಕನೂ ನಾನೂ ಸೇರಿ ಹುಚ್ಚೆಳ್ಳು ಚಟ್ನಿಪುಡಿ ಮಾಡಿ ಮಾರತೊಡಗಿದೆವು. ಪೊಟ್ಟಣದ ಮೇಲೆ ಅಮ್ಮನ ಹೆಸರು ಹಾಕಿಸಿದೆವು. ನಾನು ಶಿವಮೊಗ್ಗದ ಗೋಪಾಳ ಬಡಾವಣೆಯ ಮನೆಯಲ್ಲಿ ಪುಡಿ ಮಾಡಿ ಊರಿನ ಕೋಟೆ ಭಾಗದ ಅಂಗಡಿಗಳಿಗೆ ಕೊಡುತ್ತಿದ್ದೆ. ಅಕ್ಕ ಭದ್ರಾವತಿಯ ಕಡೆ ನೋಡಿಕೊಳ್ಳುತ್ತಿದ್ದಳು. ನಮ್ಮ ನಡುವೆ ಕರಾರು ಪತ್ರವೇನೂ ಇರಲಿಲ್ಲ. ಒಡಹುಟ್ಟಿದವರಿಗೆ ಅದೆಂಥ ಕರಾರು ಎಂದುಕೊಂಡಿದ್ದೆವು.

ಆಮೇಲೆ ಭಾವ ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿತು. ಕೆಲವು ತಿಂಗಳು ಸುಮ್ಮನೆ ಕೂತಿದ್ದ ಅವರು ಅಕ್ಕನ ವ್ಯಾಪಾರವನ್ನು ಕೈಗೆತ್ತಿಕೊಂಡರು. ಒಳ್ಳೆಯದೇ ಆಯಿತು ಅಂದುಕೊಂಡೆ. ಒಂದು ಮಧ್ಯಾಹ್ನ ಅಂಚೆಯಲ್ಲಿ ವಕೀಲರ ನೋಟಿಸ್ ಬಂತು. ಅಮ್ಮನ ಹೆಸರು ಈಗ ಅಕ್ಕನ ಟ್ರೇಡ್‌ಮಾರ್ಕ್ ಆಗಿ ನೋಂದಣಿಯಾಗಿದೆ, ಇನ್ನು ನಾನು ಅದನ್ನು ಬಳಸಕೂಡದು ಎಂದಿತ್ತು.

ಆಗಲೇ ಭದ್ರಾವತಿಯ ಬಸ್ಸು ಹತ್ತಿದೆ. ಬಾಗಿಲು ತೆಗೆದ ಅಕ್ಕ, "ಊಟ ಆಯ್ತೇನೇ?" ಎಂದಳು. ನಾನು ನೋಟಿಸ್ ಮುಂದೆ ಹಿಡಿದೆ.

"ನೀನು ಬೇರೆ ಹೆಸರಲ್ಲಿ ಮಾಡ್ಕೊಳ್ಳೇ. ನಿನ್ನ ಗಂಡನಿಗೆ ಸಂಬಳ ಬರುತ್ತೆ. ನಮಗೆ ಇದೊಂದೇ ಇರೋದು."

"ಕೇಳಿದ್ರೆ ಬಿಟ್ಟುಕೊಡ್ತಿದ್ದೆ ಅಕ್ಕ. ವಕೀಲರ ಕೈಲಿ ಯಾಕೆ ಬರೆಸ್ದೆ?"

ಅವಳು ಒಳಕೋಣೆಯತ್ತ ನೋಡಿದಳು. ಭಾವ ಹೊರಗೆ ಬರಲಿಲ್ಲ.

ಕೇಳಿದ್ದರೆ ಕೊಡುತ್ತಿದ್ದವಳು, ಕಸಿದುಕೊಂಡಾಗ ಬಿಡಲಾರದೆ ಹೋದೆ. ಅಕ್ಕ, ಭಾವ ಶಿವಮೊಗ್ಗದ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಮೊದಮೊದಲ ವಾಯಿದೆಗಳಲ್ಲಿ ನಾವಿಬ್ಬರೂ ಹೊರಗೆ ಒಂದೇ ಬೆಂಚಿನ ಮೇಲೆ ಕೂತು ಮಕ್ಕಳ ವಿಷಯ ಮಾತಾಡುತ್ತಿದ್ದೆವು. "ಮೇಡಂ, ಎದುರು ಪಾರ್ಟಿ ಜೊತೆ ಮಾತಾಡ್ಬೇಡಿ" ಎಂದು ನನ್ನ ವಕೀಲರು ಗದರಿದ ಮೇಲೆ ಅದೂ ನಿಂತಿತು. ನನಗೆ ಜಡೆ ಹೆಣೆದು ಶಾಲೆಗೆ ಕಳಿಸುತ್ತಿದ್ದವಳು ಎದುರು ಪಾರ್ಟಿ!

ಅಕ್ಕ ಕಟಕಟೆ ಹತ್ತಿದ ದಿನ ನನ್ನ ವಕೀಲರು ಪಾಟಿ ಸವಾಲಿನಲ್ಲಿ ಕೇಳಿದರು: "ನಿಮ್ಮ ತಂಗಿಗೂ ನಿಮ್ಮ ತಾಯೀನೇ ಈ ಪುಡಿ ಮಾಡೋದು ಕಲಿಸಿದ್ದಲ್ವಾ?"

"ಇಲ್ಲ," ಎಂದಳು ಅಕ್ಕ. "ಅಮ್ಮ ಅವಳಿಗೆ ಏನೂ ಕಲಿಸ್ಲಿಲ್ಲ. ಅಮ್ಮ ಹಾಸಿಗೆ ಹಿಡಿದಾಗ ಅವಳು ಹತ್ರಾನೂ ಬರ್ಲಿಲ್ಲ."

ಅದು ಹಾಗೆಯೇ ಟೈಪಾಯಿತು. ಅಮ್ಮ ಮಲಗಿದ್ದದ್ದು ನನ್ನ ಮನೆಯಲ್ಲಿ, ಕೊನೆಯ ಗುಟುಕು ನೀರು ಕುಡಿದದ್ದು ನನ್ನ ಕೈಯಿಂದ. ಆಗ ಅಮ್ಮನ ಕಾಲು ಹಿಡಿದು ಕೂತಿದ್ದವಳು ಇದೇ ಅಕ್ಕ. "ಆಸ್ಪತ್ರೆ ಚೀಟಿಗಳು ಇವೆಯಲ್ಲ, ಸುಳ್ಳು ಅಂತ ತೋರಿಸಿಬಿಡೋಣ" ಎಂದು ವಕೀಲರು ಹುರುಪಿನಿಂದ ಪಿಸುಗುಟ್ಟಿದರು. ಹೆತ್ತವಳನ್ನು ನೋಡಿಕೊಂಡಿದ್ದಕ್ಕೂ ಪುರಾವೆ ಕೊಡಬೇಕಾಯಿತಲ್ಲ.

ನೋಂದಣಿಗೂ ಮೊದಲಿನಿಂದ ಇಬ್ಬರೂ ಬಳಸುತ್ತಿದ್ದ ಹೆಸರು, ಆದ್ದರಿಂದ ನನ್ನನ್ನು ತಡೆಯಲಾಗದು ಎಂದು ತೀರ್ಪಾಯಿತು. ವಕೀಲರು ಕೈಕುಲುಕಿದರು. ಮೆಟ್ಟಿಲ ಬಳಿ ಅಕ್ಕ ಒಬ್ಬಳೇ ನಿಂತಿದ್ದಳು. ಹತ್ತಿರ ಹೋದೆ.

"ಅಮ್ಮನ ವಿಷಯದಲ್ಲಿ ಹಾಗಂದ್ಯಲ್ಲಕ್ಕ."

"ಹಂಗೇ ಹೇಳ್ಬೇಕು ಅಂತ ಹೇಳ್ಕೊಟ್ರು ಕಣೇ. ಹೇಳ್ಬಿಟ್ಟೆ." ಆಮೇಲೆ ಕೇಳಿದಳು: "ಅಮ್ಮಂಗೆ ಕೇಳಿಸಿರುತ್ತಾ?"

ಅಷ್ಟರಲ್ಲಿ ಭಾವ ಕರೆದರು, ಅವಳು ಹೊರಟುಹೋದಳು.

ಗೆದ್ದ ಮೇಲೆ ಒಂದು ದಿನವೂ ನನಗೆ ಆ ಹೆಸರು ಅಂಟಿಸಿ ಪುಡಿ ಮಾರಲಾಗಲಿಲ್ಲ. "ನಿಮ್ಮ ಪರವೇ ಆಯ್ತಂತಲ್ಲ, ಮತ್ಯಾಕೆ ನಿಲ್ಲಿಸಿದ್ರಿ?" ಎಂದು ಕೋಟೆಯ ಅಂಗಡಿಯವರು ಕೇಳಿದರು. ಏನೋ ಸಬೂಬು ಹೇಳಿದೆ. ಭದ್ರಾವತಿಯಲ್ಲಿ ಅಕ್ಕನ ಪುಡಿ ಈಗಲೂ ಅದೇ ಹೆಸರಿನಲ್ಲಿ ಹೋಗುತ್ತಿದೆ. ಹೋಗಲಿ. ಅಮ್ಮನ ತಿಥಿಗೆ ಮಾತ್ರ ಅವಳು ಬರುವುದಿಲ್ಲ. ಫೋನ್ ಮಾಡಿದರೆ ಭಾವ ಎತ್ತಿಕೊಂಡು, "ಮಲಗಿದ್ದಾಳೆ" ಎನ್ನುತ್ತಾರೆ.