ಗಂಧ ಹಚ್ಚಿದ ಕಂಪ್ಯೂಟರು

ನನ್ನ ಭಾವ ಸುಬ್ರಾಯರು ಯಾವ ವಸ್ತುವನ್ನೂ ಬಿಸಾಡಿದವರಲ್ಲ. ಮಾಧವರಂನ ಅವರ ಮನೆಯ ಅಟ್ಟದಲ್ಲಿ ಹಿಡಿ ಮುರಿದ ಫಿಲ್ಟರು, ತಳ ತೂತಾದ ಇಡ್ಲಿ ಪಾತ್ರೆ, ತಿರುಗದ ಫ್ಯಾನು ಎಲ್ಲವೂ ಪಿಂಚಣಿ ಪಡೆಯುವವರ ಹಾಗೆ ನೆಮ್ಮದಿಯಾಗಿ ಕೂತಿವೆ. ಆ ಸಾಲಿಗೆ ನನ್ನನ್ನೂ ಸೇರಿಸಬಹುದು ಎನ್ನುವುದು ಅಕ್ಕ ವಿಮಲಾಳ ಅಭಿಪ್ರಾಯ. ಗಿಂಡಿಯ ವಿಮಾ ಕಚೇರಿಯಿಂದ ನಿವೃತ್ತನಾದ ಮೇಲೆ ನನ್ನ ಮಧ್ಯಾಹ್ನದ ಊಟ ಹೆಚ್ಚಾಗಿ ಅಲ್ಲೇ ನಡೆಯುತ್ತದೆ, ಅವಳು ಹೇಳಿದರೆ ಹೇಳಿಕೊಳ್ಳಲಿ.

ಭಾವನದು ಟಿ. ನಗರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಕ್ಯಾಷ್ ಕೌಂಟರಿನ ಕೆಲಸ. ಪ್ರಾಯದಲ್ಲಿ ಕೂತವರು, ತಲೆ ಬೋಳಾದರೂ ಎದ್ದಿಲ್ಲ. ಆ ಹೋಟೆಲಿಗೆ ಮೊದಲ ಕಂಪ್ಯೂಟರು ಬಂದಾಗ ಅದನ್ನು ಮುಟ್ಟುವ ಧೈರ್ಯ ಮಾಡಿದವರು ಅವರೊಬ್ಬರೇ. ಮುಂದೆ ಹೊಸ ಯಂತ್ರ ಬಂದು ಹಳೆಯದನ್ನು ಗುಜರಿಗೆ ಹಾಕುವ ಮಾತು ಬಂದಾಗ, ಅನ್ನ ಕೊಟ್ಟದ್ದನ್ನು ತೂಕಕ್ಕೆ ಹಾಕುವುದುಂಟೇ ಎಂದು ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಮನೆಗೆ ತಂದರು. ಅಂದಿನಿಂದ ಪ್ರತಿ ಆಯುಧಪೂಜೆಗೆ ಅದಕ್ಕೆ ಗಂಧ, ಕುಂಕುಮ, ಹೂವಿನ ಹಾರ, ಎರಡು ಬಾಳೆಹಣ್ಣು. ಅಕ್ಕನ ಹೊಲಿಗೆ ಯಂತ್ರಕ್ಕೆ ಒಂದೇ ಬಾಳೆಹಣ್ಣು.

ಆ ಕಂಪ್ಯೂಟರಿನೊಳಗೆ ನನ್ನ ಅಪ್ಪ ಇದ್ದಾರೆ. ಅಂದರೆ ಅವರ ಸ್ವರ. ಅಪ್ಪ ಮಧ್ವರಾಜ ಉಪಾಧ್ಯರು ಉಡುಪಿ ಕಡೆಯ ತಾಳಮದ್ದಲೆ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಶಲ್ಯದಲ್ಲಿ ಕೂತು ಭಾಗವತರು ಹಾಡಿದ ಪದಕ್ಕೆ ಅರ್ಥ, ಅಂದರೆ ಮಾತು, ಹೊಸೆಯಬೇಕು, ಎದುರು ಕೂತವನನ್ನು ಮಾತಿನಲ್ಲೇ ಕೆಡವಬೇಕು. ಅಪ್ಪ ಕೂಟದಲ್ಲಿ ಮಾತ್ರ ಅಲ್ಲ, ಊಟದ ಎಲೆಯ ಮುಂದೆಯೂ ಕೆಡವುತ್ತಿದ್ದರು. ಅವರ ಎದುರು ಭಾವ "ಹೂಂ" ಬಿಟ್ಟು ಬೇರೆ ಏನನ್ನೂ ಹೇಳಿದ್ದನ್ನು ನಾನು ಕೇಳಿಲ್ಲ. "ನನ್ನ ಅಳಿಯನಿಗೆ ದೇವರು ನಾಲಿಗೆ ಕೊಟ್ಟದ್ದು ಸಾಂಬಾರಿನ ಉಪ್ಪು ನೋಡಲಿಕ್ಕೆ" ಎಂದು ಅಪ್ಪ ನಾಲ್ಕು ಜನರ ಮುಂದೆ ಹೇಳಿದರು. ಅದಕ್ಕೂ ಭಾವ ಹೂಂ ಎಂದರು. ಸಾಯುವವರೆಗೆ ಅಪ್ಪ ಆ ಮಾತನ್ನು ಬಿಡಲಿಲ್ಲ, ಭಾವ ಆ ಹೂಂ ಬಿಡಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವರ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿತು. ಅಕ್ಕ ಹಟ ಹಿಡಿದಳು. ಕಂಪ್ಯೂಟರು ಇನ್ನೂ ಹೋಟೆಲಿನಲ್ಲೇ ಇದ್ದ ಕಾಲ ಅದು. ಭಾವ ಟೇಪ್ ರೆಕಾರ್ಡರನ್ನು ಹೋಟೆಲಿಗೇ ಒಯ್ದು, ಊಟದ ಗದ್ದಲ ಕಡಿಮೆಯಾದ ಹೊತ್ತಿನಲ್ಲಿ ಕೌಂಟರಿನ ಮೇಲಿಟ್ಟು, ಅದರ ಬಾಯಿಗೆ ಕಂಪ್ಯೂಟರಿನ ಮೈಕು ಹಿಡಿದು ಎಲ್ಲವನ್ನೂ ತುಂಬಿಸಿದರು. ಎರಡನ್ನೂ ಜೋಡಿಸಲು ಒಂದು ವೈರು ಸಿಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ತುಂಬಿಸಿದ್ದನ್ನು ಮತ್ತೆ ಯಾರೂ ಕೇಳಲೂ ಇಲ್ಲ. ಮನೆಯಲ್ಲಿ ಕ್ಯಾಸೆಟ್ಟು ಇತ್ತಲ್ಲ. ಆಮೇಲೆ ಊರನ್ನೇ ಮುಳುಗಿಸಿದ ದೊಡ್ಡ ನೆರೆ ಬಂದು ಮಂಚದಡಿಯ ಕ್ಯಾಸೆಟ್ಟುಗಳನ್ನೆಲ್ಲ ಕೆಸರು ಮಾಡಿತು. ಅಟ್ಟದ ಕಂಪ್ಯೂಟರು ಮಾತ್ರ ಉಳಿಯಿತು.

ಹೋದ ವರ್ಷ ಅಕ್ಕನ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಪ್ರತಿ ಸಲ ನಾಲ್ಕು ಗಂಟೆ ಮಲಗಿರಬೇಕು. ಎಡಗೈಗೆ ಸೂಜಿ, ಅದನ್ನು ಅಲ್ಲಾಡಿಸುವಂತಿಲ್ಲ. ಆಸ್ಪತ್ರೆಯ ಆ ಕೋಣೆಯಲ್ಲಿ ಒಂದು ಟಿವಿ ಇದೆ. ಅದರಲ್ಲಿ ಬೆಳಗ್ಗಿನಿಂದ ಸಂಜೆಯವರೆಗೆ ಅತ್ತೆ ಸೊಸೆಗೆ ವಿಷ ಹಾಕುತ್ತಾಳೆ. ಫೋನು ಹಿಡಿದುಕೊಂಡರೆ ಜಾರಿ ಬೀಳುತ್ತದೆ, ಜಾರದಿದ್ದರೆ ಊರಿನ ನೆಂಟರೆಲ್ಲ ಕರೆ ಮಾಡಿ ಹೇಗಿದ್ದಿ ಎಂದು ಕೇಳುತ್ತಾರೆ. ಹೇಗಿರುತ್ತಾರೆ ಮನುಷ್ಯರು ಅಲ್ಲಿ? ಒಂದು ದಿನ ಅಕ್ಕ ಹೋಗುವುದಿಲ್ಲ ಎಂದು ಕೂತಳು, ಹೋಗಲೂ ಇಲ್ಲ. ಎರಡು ದಿನದಲ್ಲಿ ಕಾಲು ಬಾತು, ಉಸಿರು ಸಿಕ್ಕಿಕೊಂಡು, ಡಾಕ್ಟರು ಮನೆಮಂದಿಗೆಲ್ಲ ಬೈದರು. ಇನ್ನೊಮ್ಮೆ ತಪ್ಪಿಸಿದರೆ ತನ್ನ ಹತ್ತಿರ ಬರಬೇಡಿ ಎಂದರು.

ಅಕ್ಕ ಷರತ್ತು ಹಾಕಿದಳು. "ಅಪ್ಪನ ಅರ್ಥ ಕೇಳ್ಲಿಕ್ಕೆ ಸಿಕ್ಕಿದ್ರೆ ಹೋಗ್ತೇನೆ. ಆ ಸೀರಿಯಲ್ಲು ಕೇಳಿ ಸಾಯುದಕ್ಕಿಂತ ಮನೆಯಲ್ಲೇ ಸಾಯುದು ಒಳ್ಳೇದು."

ಅವಳ ಮಗಳು ಪ್ರಣಮ್ಯಾ ಮರುದಿನವೇ ಬೆಂಕಿಪೆಟ್ಟಿಗೆ ಗಾತ್ರದ ಒಂದು ಮ್ಯೂಸಿಕ್ ಪ್ಲೇಯರು ತಂದಳು. ಸೆರಗಿಗೆ ಸಿಕ್ಕಿಸಿಕೊಳ್ಳಬಹುದು, ಒಂದೇ ಕೈಯಲ್ಲಿ ಗುಂಡಿ ಒತ್ತಬಹುದು, ಯಾವ ನೆಂಟರೂ ಕರೆ ಮಾಡುವಂತಿಲ್ಲ. ಇನ್ನು ಅಪ್ಪನನ್ನು ಕಂಪ್ಯೂಟರಿನಿಂದ ಅದಕ್ಕೆ ಇಳಿಸುವುದಷ್ಟೇ ಕೆಲಸ ಎಂದುಕೊಂಡೆವು.

ಅಟ್ಟದಿಂದ ಇಳಿಸಿದ ಕಂಪ್ಯೂಟರು ದೊಡ್ಡ ಸದ್ದು ಮಾಡಿ ಎದ್ದಿತು, ಅಷ್ಟಕ್ಕೇ ಭಾವ ಅದಕ್ಕೆ ಕೈಮುಗಿದರು. ಪ್ಲೇಯರಿನ ವೈರನ್ನು ಮುಂದೆ ಚುಚ್ಚಿದರೆ ಒಳಗೆ ಹೋಗಲಿಲ್ಲ. ಹಿಂದೆ ಚುಚ್ಚಿದರೆ ಅರ್ಧ ಹೋಗಿ ನಿಂತಿತು. ರಿಪೇರಿ ಅಂಗಡಿಗೆ ಒಯ್ದೆವು. ಅಲ್ಲಿಯವನು ಪೆಟ್ಟಿಗೆಯನ್ನು ನೋಡಿ ನಕ್ಕ, ಬಿಚ್ಚಿ ಡಿಸ್ಕು ತೆಗೆಯುತ್ತೇನೆ, ಉಳಿದದ್ದನ್ನು ಇಲ್ಲೇ ಬಿಟ್ಟುಹೋಗಿ ಎಂದ. ಭಾವನಿಗೆ ಪಿತ್ತ ನೆತ್ತಿಗೇರಿತು. ಮತ್ತೆ ಆಟೋ, ಮತ್ತೆ ತೊಡೆ. ದಾರಿಯುದ್ದಕ್ಕೂ ನಾನು ಅವರಿಗೆ ಬೈದೆ. ನಾಳೆ ಬೆಳಗ್ಗೆ ಅಕ್ಕನ ಪಾಳಿ, ಈ ಮನುಷ್ಯನಿಗೆ ಹೆಂಡತಿಗಿಂತ ಗುಜರಿ ಹೆಚ್ಚಾಯಿತಲ್ಲ ಎಂದು ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಭಾವ ಹೂಂ ಎಂದರು.

ಮನೆಗೆ ಬಂದಾಗ ಅಕ್ಕ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಕಂಪ್ಯೂಟರನ್ನು ಅವಳೆದುರೇ ಇಳಿಸಿದೆವು. ಅದನ್ನು ಸ್ವಲ್ಪ ಹೊತ್ತು ನೋಡಿ ಅವಳು, ಕುಂಕುಮದ ಬೊಟ್ಟು ಹೊರಗೆ ಕಾಣುತ್ತದೆ, ಇಷ್ಟು ವರ್ಷದ ಗಂಧ ಎಲ್ಲಿ ಹೋಯಿತು ಎಂದು ಕೇಳಿದಳು.

ಪ್ರಣಮ್ಯಾ ಫೋನಿನ ಟಾರ್ಚು ಹಾಕಿ ತೂತಿನೊಳಗೆ ಇಣುಕಿದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಗೆ ಬರುವುದು ತಮಿಳು. "ಅಪ್ಪಾ, ಉಳ್ಳೆ ಫುಲ್ಲಾ ಚಂದನಂ" ಎಂದಳು, ಒಳಗೆಲ್ಲ ಗಂಧವೇ ಎಂದು.

ವಿಷಯ ಇಷ್ಟು. ಭಾವ ಪ್ರತಿ ವರ್ಷ ಮುಂದೆ ಹಚ್ಚುವಂತೆ ಹಿಂದೆಯೂ ಹಚ್ಚಿದ್ದಾರೆ, ದೇವರಿಗೆ ಹಿಂದೆ ಮುಂದೆ ಎಂಬ ಭೇದವುಂಟೇ ಎಂದು. ತೂತು ಕಂಡಲ್ಲೆಲ್ಲ ಬೆರಳಿಟ್ಟಿದ್ದಾರೆ. ಗಂಧ ಒಣಗಿ, ಅದರ ಮೇಲೆ ಮುಂದಿನ ವರ್ಷದ ಗಂಧ ಕೂತು, ಗೋಡೆಗೆ ಗಾರೆ ಬಳಿದಂತಾಗಿದೆ. ಕಂಪ್ಯೂಟರಿಗೆ ಬೇರೆ ಏನೂ ರೋಗವಿರಲಿಲ್ಲ, ಭಕ್ತಿ ಹೆಚ್ಚಾಗಿತ್ತು.

ಅಕ್ಕ ಮುಡಿಯಿಂದ ಪಿನ್ನು ತೆಗೆದು ಕೊಟ್ಟಳು. ಭಾವ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಕೆರೆದರು. ಕೆರೆದು ಬಿದ್ದ ಗಂಧದ ಪುಡಿಯನ್ನು ಬಿಸಾಡದೆ ಹಣೆಗೆ ಹಚ್ಚಿಕೊಂಡರು. ಕಂಪ್ಯೂಟರು ಮತ್ತೆ ಹಾಕಿದೆವು, ವೈರು ಈಗ ಒಳಗೆ ಹೋಯಿತು. ಆದರೆ ಪ್ಲೇಯರು ಕರೆಂಟು ಕುಡಿಯುತ್ತಾ ಸುಮ್ಮನಿತ್ತು. ಕಂಪ್ಯೂಟರು ಅದರ ಗುರುತೇ ಹಿಡಿಯಲಿಲ್ಲ. ಪ್ರಣಮ್ಯಾ ಪ್ಲೇಯರಿನ ಸೆಟ್ಟಿಂಗಿನಲ್ಲಿ ಕೆದಕಿ ಕೆದಕಿ ಕೊನೆಗೆ ಹಿಡಿದಳು. ಜೋಡಣೆಗೆ ಅದರಲ್ಲಿ ಎರಡು ದಾರಿ ಇದೆಯಂತೆ. ಹೊಸ ದಾರಿ ಈ ಅಜ್ಜ ಕಂಪ್ಯೂಟರಿಗೆ ತಿಳಿಯದು, ಬರೀ ಪೆನ್‌ಡ್ರೈವಿನ ಹಾಗೆ ನಟಿಸುವ ಹಳೆಯ ದಾರಿ ತಿಳಿಯುತ್ತದೆ. ಅದನ್ನು ಆರಿಸಿದ್ದೇ ತಡ, ಕಂಪ್ಯೂಟರು ಟಿಣ್ ಎಂದಿತು. ರಾತ್ರಿ ಊಟದ ಹೊತ್ತಿಗೆ ಅಪ್ಪ ಪೂರ್ತಿ ಇಳಿದಿದ್ದರು. ಕೇಳಿ ನೋಡುವ ತಾಳ್ಮೆ ಯಾರಿಗೂ ಉಳಿದಿರಲಿಲ್ಲ.

ಮರುದಿನ ಅಕ್ಕ ಬಾಯಿ ಮುಚ್ಚಿಕೊಂಡು ಹೊರಟಳು. ಅವಳು ಒಳಗೆ ಮಲಗಿದಳು, ನಾನು ಭಾವ ಹೊರಗಿನ ಬೆಂಚಿನಲ್ಲಿ ಕೂತೆವು. ಎರಡು ಗಂಟೆ ಕಳೆದಿರಬೇಕು, ನರ್ಸು ಬಂದು ಅಮ್ಮ ಒಬ್ಬರೇ ನಗುತ್ತಿದ್ದಾರೆ, ಯಾರಾದರೂ ಬಂದು ನೋಡಿ ಎಂದಳು. ಇಬ್ಬರೂ ಓಡಿದೆವು. ಅಕ್ಕನ ಕಣ್ಣಲ್ಲಿ ನೀರು, ಹೊಟ್ಟೆ ಕುಲುಕುತ್ತಿತ್ತು. ಸೂಜಿಯ ಕೈ ಮಾತ್ರ ಅಲ್ಲಾಡಿರಲಿಲ್ಲ. ಪ್ಲೇಯರಿನ ಇಯರ್‌ಫೋನಿನ ಒಂದು ತುದಿಯನ್ನು ಕಿವಿಯಿಂದ ಕಿತ್ತು ನನಗೆ ಕೊಟ್ಟಳು.

ಅಪ್ಪ ಅರಸನಾಗಿ ಗುಡುಗುತ್ತಿದ್ದರು. "ಎಲವೋ, ಯಾರ ಬಲವನ್ನು ನಂಬಿ ನನ್ನೆದುರು ನಿಂತೆ?"

ಎದುರಾಳಿ ಬಾಯಿ ತೆರೆಯುವ ಮೊದಲೇ, ಲೋಟ ತಟ್ಟೆಗಳ ಸದ್ದಿನ ನಡುವೆ, ಮೈಕಿನ ತೀರ ಹತ್ತಿರದಿಂದ, ಭಾವನ ಎಳೆಯ ಸ್ವರ: "ನಿಮ್ಮ ಮಗಳ ಬಲ." ಆಮೇಲೆ ಗಟ್ಟಿಯಾಗಿ, "ರೆಂಡು ಕಾಪಿ, ಒರು ವಡೈ."

ಅಪ್ಪ ಬಿಡಲಿಲ್ಲ. ನಿನ್ನ ನೆಲೆ ಯಾವುದು, ನೀನು ಗೆದ್ದ ರಾಜ್ಯ ಯಾವುದು ಎಂದು ಕೇಳಿದರು. ಭಾವ ಗಲ್ಲಾಪೆಟ್ಟಿಗೆ ಮುಚ್ಚುತ್ತಾ ಹೇಳಿದರು: "ನೆಲೆ ಈ ಸ್ಟೂಲು. ಗೆಲ್ಲಲಿಕ್ಕೆ ಹೋಗಲಿಲ್ಲ, ದಿನಾ ಇನ್ನೂರು ಜನರಿಗೆ ಹೊಟ್ಟೆ ತುಂಬಿಸಿದ್ದೇನೆ. ನಿಮ್ಮ ಮಾತಿನಿಂದ ಎಷ್ಟು ಜನರ ಹೊಟ್ಟೆ ತುಂಬಿತು ಮಾವ?"

ನಾನು ಕಿವಿಯಿಂದ ತೆಗೆದು ಭಾವನಿಗೆ ಕೊಟ್ಟೆ. ಅವರು ಕೇಳಿದರು. ಮುಖ ಸುಣ್ಣದಂತಾಯಿತು. ಕೌಂಟರಿನಲ್ಲಿ ಒಬ್ಬರೇ ಕೂತು ಸತ್ತ ಮಾವನಿಗೆ ಗೊಣಗಿದ್ದು ಅವರಿಗೆ ಮರೆತೇಹೋಗಿತ್ತು. ಮೈಕು ಅದನ್ನೂ ಕೇಳಿಸಿಕೊಂಡಿತ್ತು ಎಂದು ಗೊತ್ತಾದದ್ದು ಈಗ. ಮಂಚದ ಕಂಬಿ ಹಿಡಿದು, ಬೈಗಳಿಗೆ ಸಿದ್ಧವಾಗಿ ನಿಂತರು.

ಅಕ್ಕ ಬೈಯಲಿಲ್ಲ. "ಅಪ್ಪನಿಗೆ ಹೀಗೆ ಉತ್ತರ ಕೊಟ್ಟವ್ರನ್ನು ನಾನು ಯಾವ ಕೂಟದಲ್ಲೂ ಕಂಡಿಲ್ಲ" ಎಂದಳು. "ಇದ್ದಾಗ ಒಂದೇ ಒಂದು ಸಲ ಬಾಯಿ ಬಿಟ್ಟಿದ್ರೆ ಅವ್ರು ನಿಮ್ಮನ್ನು ಎದುರು ಕೂರಿಸಿಕೊಳ್ತಿದ್ರು. ಅವ್ರು ಜೀವಮಾನ ಇಡೀ ಹುಡುಕಿದ್ದು ಅಂಥವ್ರನ್ನೇ. ಮನೆಯೊಳಗೇ ಇದ್ರಿ ನೀವು."

ಭಾವ ಟಿವಿಯ ಕಡೆಗೆ ತಿರುಗಿದರು. ಅತ್ತೆ ಹಾಲಿಗೆ ಏನನ್ನೋ ಬೆರೆಸುತ್ತಿದ್ದಳು. ಆ ಸೀರಿಯಲ್ಲನ್ನು ಅಷ್ಟು ಶ್ರದ್ಧೆಯಿಂದ, ಅಷ್ಟು ಮೂಗು ಒರೆಸಿಕೊಂಡು ನೋಡಿದವರು ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಈಗ ಹೂಂ ಎನ್ನುತ್ತಾರೆ ಎಂದು ನಾನು ಕಾದೆ.

"ಅದ್ರಲ್ಲಿ ಎಲ್ಲಾ ಹೇಳಿ ಮುಗಿಯಲಿಲ್ಲ" ಎಂದರು ಭಾವ. "ಮಧ್ಯೆ ಗಿರಾಕಿ ಬಂದ್ರು."

ಅಕ್ಕ ಕಾಲು ಸರಿಸಿ ಮಂಚದ ಅಂಚಿನಲ್ಲಿ ಜಾಗ ಮಾಡಿದಳು.

"ಕೂತ್ಕೊಳ್ಳಿ. ಇನ್ನೂ ಎರಡು ಗಂಟೆ ಉಂಟು."